ಬಣ್ಣದಕ್ಕನ ವೀಸಾ

ಹಲ್ಲಿನ ಸೆಟ್ಟು ತಯಾರಿಸುವ ನಮ್ಮ ವರ್ಕ್‌ಶಾಪಿನಲ್ಲಿ ಆಕೆಯನ್ನು ನಾವೆಲ್ಲ ಬಣ್ಣದಕ್ಕ ಎಂದೇ ಕರೆಯುತ್ತಿದ್ದೆವು. ಪಿಂಗಾಣಿ ಹಲ್ಲಿಗೆ ಬಣ್ಣ ಕೊಡುವುದು ಆಕೆಯ ಕೆಲಸ. ನಾನು ಪಕ್ಕದ ಮೇಜಿನಲ್ಲಿ ಪ್ಲಾಸ್ಟರ್ ಅಚ್ಚು ಹೊಯ್ಯುವವಳು. ನನ್ನ ಕಣ್ಣಿಗೆ ಬಿಳಿ ಎಂದರೆ ಬಿಳಿ, ಅಷ್ಟೇ. ಆಕೆಗೆ ಹಾಗಲ್ಲ. ಚಹಾ ಕುಡಿದ ಬಿಳಿ, ಸಿಗರೇಟು ಬಿಟ್ಟವರ ಬಿಳಿ, ಅರವತ್ತು ದಾಟಿದ ಬಿಳಿ, ಎಲ್ಲವೂ ಬೇರೆ ಬೇರೆ.

ಆ ಹೆಸರು ಬರಲು ಇನ್ನೊಂದು ಕಾರಣವೂ ಇತ್ತು. ಯಾವ ಸಂಗತಿಯನ್ನೂ ಬಣ್ಣ ಕಟ್ಟದೆ ಹೇಳಿ ಆಕೆಗೆ ಅಭ್ಯಾಸವಿರಲಿಲ್ಲ. ಬೆಳಗ್ಗೆ ಬಸ್ಸು ತಡವಾಯಿತೆನ್ನಿ, ಆಕೆ ವರ್ಕ್‌ಶಾಪಿನ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಬಸ್ಸಿನ ಚಕ್ರ ಕಳಚಿ, ಡ್ರೈವರನ ಸಂಸಾರ ಮುರಿದು, ಮತ್ತೆ ಕೂಡಿಯೂ ಆಗಿರುತ್ತಿತ್ತು. ಅದು ಸುಳ್ಳಲ್ಲ, ಒಗ್ಗರಣೆ.

ಗಂಡ ಇದಕ್ಕೆ ತದ್ವಿರುದ್ಧ. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಎನ್ನುವ ಮನುಷ್ಯ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ, ಪೆಟ್ಟಿಗೆಗಳ ಜೊತೆ ಮಾತಾಡುವ ಪ್ರಮೇಯವೂ ಇರಲಿಲ್ಲ. ಕುಶಲ ಕೆಲಸದವರಿಗೆಂದು ಈ ದೇಶ ಕೊಡುವ ವೀಸಾದ ಮೇಲೆ ಆಕೆ ಬಂದಿದ್ದಳು. ಆ ವೀಸಾದ ಬಾಲ ಹಿಡಿದು ಗಂಡ, ಮಗಳು. ಜಗಳ ಬಂದಾಗ ಆಕೆ "ನನ್ನ ಬಾಲ ಹಿಡ್ಕೊಂಡು ಬಂದೋರು ನೀವು" ಎನ್ನುವುದು, ಆತ "ಹೂಂ" ಎನ್ನುವುದು, ಅಲ್ಲಿಗೆ ಜಗಳ ಮುಗಿಯುವುದು.

ವೀಸಾ ನವೀಕರಣದ ಕಾಲ ಬಂತು. ಈ ಸಲ ಅರ್ಜಿಯನ್ನು ಮನುಷ್ಯರು ಓದುವುದಿಲ್ಲ, ಕಂಪ್ಯೂಟರೇ ಓದಿ ತೀರ್ಮಾನಿಸುತ್ತದೆ ಎಂದು ಎಲ್ಲರೂ ಹೇಳಿದ್ದರು. 'ನಿಮ್ಮ ಕೆಲಸವನ್ನು ವಿವರಿಸಿ' ಎಂಬ ಜಾಗದಲ್ಲಿ ಗಂಡ ಟೈಪು ಮಾಡಿದ: ಹಲ್ಲಿನ ಸೆಟ್ಟು ತಯಾರಿಸುವುದು.

"ಇಷ್ಟೇನಾ?" ಎಂದಳು ಬಣ್ಣದಕ್ಕ.

"ಇಷ್ಟೇ ಅಲ್ವಾ?"

"ಮದುವೆಗೆ ಮುಂಚೆ ನಮ್ಮಪ್ಪ ನನ್ನ ಬಗ್ಗೆ ಇಷ್ಟೇ ಹೇಳಿದ್ರೆ ನೀವು ಒಪ್ತಿದ್ರಾ?"

"ಒಪ್ತಿದ್ದೆ."

ಆಕೆ ಗಂಡನನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕೂತಳು. 'ಚಿನ್ನ, ಪಿಂಗಾಣಿ ಮತ್ತು ಮುತ್ತಿನ ಛಾಯೆಗಳಲ್ಲಿ ಮನುಷ್ಯನ ಮುಖಕ್ಕೆ ಕಳೆ ತರುವ ನಾಜೂಕಾದ ಕುಸುರಿ ಕೆಲಸ' ಎಂದು ಬರೆದಳು. ಮರುದಿನ ಚಹಾದ ಹೊತ್ತಿನಲ್ಲಿ ಅದನ್ನು ನಮಗೆ ಎರಡು ಸಲ ಓದಿ ಹೇಳಿದಳು. ನಾವೂ ಭೇಷ್ ಎಂದೆವು. ಅವತ್ತಿನ ಭೇಷಿಗೆ ನಾವೆಲ್ಲ ಆಮೇಲೆ ಕೈ ಕೈ ಹಿಸುಕಿಕೊಂಡಿದ್ದೇವೆ.

ಅಂದು ಸಂಜೆ ಅರ್ಜಿ ಕಳಿಸಿ, ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಉತ್ತರ ಬಂದಿತ್ತು. ನೀವು ಒಡವೆ ಮಾಡುವವರು. ಈ ದೇಶಕ್ಕೆ ಸದ್ಯ ಒಡವೆ ಮಾಡುವವರು ಬೇಕಾಗಿಲ್ಲ. ನಿಮಗೆ ಕೆಲಸ ಕೊಟ್ಟವರು ತಮ್ಮ ಪತ್ರದಲ್ಲಿ ಹಲ್ಲಿನ ಕೆಲಸ ಎಂದು ಬರೆದಿದ್ದಾರೆ, ಆದ್ದರಿಂದ ಇಬ್ಬರಲ್ಲಿ ಒಬ್ಬರು ಹೇಳುತ್ತಿರುವುದು ಸುಳ್ಳು. ಎರಡು ತಿಂಗಳೊಳಗೆ ಸಂಸಾರ ಸಮೇತ ಹೊರಡತಕ್ಕದ್ದು.

ಮರುದಿನ ಬಣ್ಣದಕ್ಕ ಕೆಲಸಕ್ಕೆ ಬಂದಳು, ಮಾತು ಮಾತ್ರ ಬರಲಿಲ್ಲ. ಮೇಜಿನ ದೀಪ ಹಾಕಿ, ಕುಂಚ ತೇವ ಮಾಡಿ, ಒಂದೇ ಹಲ್ಲನ್ನು ಮಧ್ಯಾಹ್ನದವರೆಗೆ ತಿದ್ದುತ್ತ ಕೂತಳು. ಅಷ್ಟು ವರ್ಷ ಆಕೆಯ ಬಾಯಿಗೆ ಹೆದರಿ ರೇಡಿಯೋ ಜೋರು ಮಾಡುತ್ತಿದ್ದ ನಾವು ಅವತ್ತು ಅದನ್ನು ಹಚ್ಚಲೇ ಇಲ್ಲ. ಕೊನೆಗೆ ನಾನೇ ಕೇಳಿದೆ. ತಲೆ ಎತ್ತದೆ ಅಂದಳು: "ಸುಳ್ಳಿ ಅಂದ್ಬಿಡ್ತು ಕಣೇ. ಹೋಗು ಅಂದಿದ್ರೂ ತಡ್ಕೋತಿದ್ದೆ."

ತಪ್ಪು ತಿಳಿಸಲು ಕೊಟ್ಟಿದ್ದ ನಂಬರಿಗೆ ಫೋನು ಮಾಡಿದಳು. ಅಲ್ಲಿಯೂ ಯಂತ್ರವೇ, ಹೆಣ್ಣುಮಗಳ ದನಿ. "ನಿಮ್ಮ ಸಮಸ್ಯೆಯನ್ನು ಒಂದು ಪದದಲ್ಲಿ ಹೇಳಿ" ಎಂದಿತು.

"ಒಂದು ಪದದಲ್ಲಿ ಹೆಂಗಮ್ಮಾ ಹೇಳೋದು? ಇರು, ಮೊದಲಿಂದ ಹೇಳ್ತೀನಿ."

"ಮೊದಲಿಂದ, ಎಂದಿರಿ. ಸರಿ. ಸ್ವಾಗತ. ಭಾಷೆಯನ್ನು ಆರಿಸಿ."

ಮತ್ತೆ ಭಾಷೆ ಆರಿಸಿ, ಮತ್ತೆ ಅರ್ಜಿಯ ಸಂಖ್ಯೆ ಒತ್ತಿ, ಮತ್ತೆ ಅದೇ ಜಾಗಕ್ಕೆ ಬಂದು, "ಅಯ್ಯೋ, ಮೊದಲಿಂದ ಕೇಳಿಸ್ಕೋ ಅಂದ್ನಲ್ಲ!" ಎನ್ನುತ್ತಿದ್ದಳು. ಯಂತ್ರವೂ ಅಷ್ಟೇ ತಾಳ್ಮೆಯಿಂದ ಸ್ವಾಗತ ಕೋರುತ್ತಿತ್ತು. ಒಂದು ವಾರ ಈ ಇಬ್ಬರು ಹೆಂಗಸರ ಪಂದ್ಯ ನಡೆಯಿತು. ಒಬ್ಬಳಿಗೆ ಬೇಜಾರೆಂಬುದೇ ಇಲ್ಲ, ಇನ್ನೊಬ್ಬಳಿಗೆ ಬಿಡುವ ಜಾಯಮಾನವಿಲ್ಲ.

ಇದನ್ನು ನೋಡಿ ನೋಡಿ ನಮ್ಮ ವರ್ಕ್‌ಶಾಪಿನ ಯಜಮಾನರಿಗೆ ರೇಗಿತು. ಎಪ್ಪತ್ತರ ಮುದುಕರು, ಮೂಗಿನ ತುದಿಯಲ್ಲೇ ಸಿಟ್ಟು. "ಏಳಮ್ಮಾ, ಹೋಗೋಣ. ಆ ಆಫೀಸಲ್ಲಿ ಕುರ್ಚಿಗಳಂತೂ ಇರ್ತಾವೆ. ಕುರ್ಚಿ ಇದ್ಮೇಲೆ ಒಬ್ಬನಾದ್ರೂ ಮನುಷ್ಯ ಇರ್ಬೇಕು" ಎಂದು ಎಬ್ಬಿಸಿದರು. ಹೊರಡುವಾಗ ನನ್ನ ಮೇಜಿನ ಮೇಲಿದ್ದ ಒಂದು ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಒಬ್ಬ ನಿವೃತ್ತ ಮೇಷ್ಟರಿಗೆಂದು ಗುಲಾಬಿ ಮೇಣದ ಮೇಲೆ ಬಣ್ಣದಕ್ಕ ಕೂರಿಸಿದ್ದ ಪೂರಾ ಬಾಯಿ ಹಲ್ಲು ಅದು.

ಆಫೀಸಿನಲ್ಲಿ ಕುರ್ಚಿಗಳಿದ್ದವು, ಹೆಚ್ಚಿನವು ಖಾಲಿ. ಗಾಜಿನ ಹಿಂದೆ ನೆಗಡಿ ಹಿಡಿದ ಒಬ್ಬ ಹುಡುಗಿ ಕೂತಿದ್ದಳು. ಸಂಖ್ಯೆ ಕೇಳಿ, ಪರದೆ ನೋಡಿ, "ನೀವು ಒಡವೆ ಮಾಡೋರು" ಎಂದಳು.

"ಅಲ್ಲಮ್ಮಾ, ಹಲ್ಲು."

"ಪರದೆ ಒಡವೆ ಅಂತಿದೆ."

ಯಜಮಾನರು ಚೀಲಕ್ಕೆ ಕೈ ಹಾಕಿ, ಮೇಷ್ಟರ ಹಲ್ಲನ್ನು ಗಾಜಿನ ಕೆಳಗಿನ ಕಿಂಡಿಯಿಂದ ಒಳಗೆ ತಳ್ಳಿದರು. "ತಗೋ. ಇದನ್ನ ಕೊರಳಿಗೆ ಹಾಕ್ಕೊಂಡು ತೋರ್ಸು, ನೋಡೋಣ."

ಹುಡುಗಿ ಕುರ್ಚಿ ಸಮೇತ ಹಿಂದಕ್ಕೆ ಸರಿದಳು. ಕಾವಲಿನವನು ಓಡಿ ಬಂದ. ಅವನೂ ನೋಡಿ, ಗುರುತು ಹಿಡಿದು, "ಹಲ್ಲು ಕಣ್ರೀ ಅದು" ಎಂದ. ಆಗ ಹುಡುಗಿ ಸೀನಿದಳೋ ನಕ್ಕಳೋ ಗೊತ್ತಾಗಲಿಲ್ಲವಂತೆ, ಬಹುಶಃ ಎರಡೂ. ಕರವಸ್ತ್ರದಿಂದ ಮೂಗೊರೆಸಿಕೊಂಡು, "ಸರಿ, ಇದನ್ನ ಮನುಷ್ಯರು ನೋಡ್ಲಿ ಅಂತ ಮೇಲಕ್ಕೆ ಕಳಿಸ್ತೀನಿ. ಅದಕ್ಕೊಂದು ಗುಂಡಿ ಇದೆ" ಎಂದಳು.

"ಗುಂಡಿ ಇದ್ರೆ ಇಷ್ಟು ದಿನ ಯಾಕಮ್ಮಾ ಒತ್ಲಿಲ್ಲ?" ಎಂದಳು ಬಣ್ಣದಕ್ಕ.

"ಇಲ್ಲಿವರೆಗೆ ಯಾರೂ ಬರೋದೇ ಇಲ್ಲ. ಫೋನಲ್ಲೇ ಸುಸ್ತಾಗಿ ಬಿಟ್ಟುಬಿಡ್ತಾರೆ."

ಅಂದು ಸಂಜೆ ಗಂಡನ ಮುಂದೆ ಕೂತು, "ನೀವು ಬರೆದಿದ್ದೇ ಸರಿ ಇತ್ತು ಕಣ್ರೀ" ಎಂದಳಂತೆ. ಆತ "ಹೂಂ" ಎನ್ನಲಿಲ್ಲ. "ನೀನು ಬರೆದಿದ್ದು ಚೆನ್ನಾಗಿತ್ತು" ಎಂದನಂತೆ. ನಮಗೆ ಇದನ್ನು ಹೇಳುವಾಗ ಆಕೆ ಒಂದು ಅಕ್ಷರವನ್ನೂ ಸೇರಿಸಲಿಲ್ಲ. ಹಾಗಾಗಿ ನಿಜವೇ ಇರಬೇಕು.

ಕಾಯುವ ದಿನಗಳಲ್ಲಿ ಮೇಷ್ಟರ ಹಲ್ಲು ಸಿದ್ಧವಾಯಿತು. ಬಾಯಿಗೆ ಕೂರಿಸಿ, ಬಣ್ಣದಕ್ಕ 'ಸ' ಬರುವ ಮಾತು ಆಡಿಸಿ ನೋಡಿದಳು. ಹಲ್ಲು ಸರಿ ಕೂತಿದೆಯೋ ಇಲ್ಲವೋ ಆ ಅಕ್ಷರದಲ್ಲೇ ತಿಳಿಯುತ್ತದೆ. ಮೇಷ್ಟರು "ಸೊಸೆ" ಎಂದರು, ಸ್ಪಷ್ಟವಾಗಿ. ಇನ್ನೊಮ್ಮೆ ಹೇಳಿ ನೋಡಿ ಹಿಗ್ಗಿದರು. "ಒಂದು ವರ್ಷದಿಂದ ಹೊಹೆ, ಹೊಹೆ ಅಂತ ಕರೀತಿದ್ದೆ. ಬೈದ್ರೂ ಅವಳಿಗೆ ನಗು ಬರ್ತಿತ್ತು. ಇವತ್ತು ಹೋಗಿ ವಿಚಾರಿಸ್ಕೋತೀನಿ" ಎಂದು ಕನ್ನಡಿ ನೋಡುತ್ತ ಹೊರಟರು.

ಗಡುವು ಮುಗಿಯಲು ಇನ್ನು ಸ್ವಲ್ಪವೇ ದಿನ ಉಳಿದಿದ್ದಾಗ ಫೋನಿಗೆ ಸಂದೇಶ ಬಂತು. ವೀಸಾ ಮುಂದುವರಿದಿದೆ, ಮೂವರಿಗೂ. ಮೇಲೆ ಕೂತ ಆ ಮನುಷ್ಯ ಯಾರೋ, ಹೇಗಿದ್ದನೋ, ನಮಗೆ ಇವತ್ತಿಗೂ ತಿಳಿಯದು. ಬಣ್ಣದಕ್ಕ ಅದನ್ನು ನಮಗೆ ಓದಿ ಹೇಳಿ, ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ, ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ಆ ಭಾನುವಾರ ಅವರ ಮನೆಯಿಂದ ಕರೆ ಬಂತು, ಒಂದು ಕೈ ಹಿಡಿಯಲು ಬನ್ನಿ ಎಂದು. ಹೋಗಿ ನೋಡಿದರೆ ಮೆಟ್ಟಿಲ ಬುಡದಲ್ಲಿ ಮೂರು ಬಾಗಿಲಿನ ಮರದ ಬೀರು. ಅಷ್ಟು ವರ್ಷ ಆ ಮನೆಯಲ್ಲಿ ಮಡಚುವ ಕುರ್ಚಿ, ಮಡಚುವ ಮೇಜು, ಸುತ್ತಿಡುವ ಹಾಸಿಗೆ ಬಿಟ್ಟು ಬೇರೇನೂ ಇರಲಿಲ್ಲ. ಯಾರನ್ನೂ ಕೇಳದೆ ಗಂಡ ಅದನ್ನು ಕೊಂಡು ತಂದಿದ್ದ. ಯಜಮಾನರೂ ಸೇರಿ ನಾವು ಐದು ಜನ ಎತ್ತಿದೆವು. ಮೊದಲ ತಿರುವಿನಲ್ಲೇ ಅದು ಗೋಡೆಗೆ ಸಿಕ್ಕಿಕೊಂಡಿತು.

"ಇಷ್ಟು ದೊಡ್ಡದು ಯಾಕ್ರೀ ಬೇಕಿತ್ತು? ನಾಳೆ ಎಲ್ಲಾದ್ರೂ ಹೋಗೋ ಹಾಗಾದ್ರೆ ಇದನ್ನ ಹೊರೋರ್ಯಾರು?" ಎಂದು ಬಣ್ಣದಕ್ಕ ಮೇಲಿನ ಮೆಟ್ಟಿಲಿಂದ ಕೂಗಿದಳು.

ಬೀರುವಿನ ಕೆಳಗೆ ಹೆಗಲು ಕೊಟ್ಟು ನಿಂತಿದ್ದ ಆತ ಉಸಿರು ಬಿಗಿಹಿಡಿದೇ ಹೇಳಿದ: "ಅದಕ್ಕೇ ತಂದಿದ್ದು."