ಅವ್ವ ತಲೆ ಬಗ್ಗಿಸಿದ ಜಾಗ

ನಮ್ಮ ಹಳೆಯ ಮನೆಯ ಗೋಡೆಯ ಮೇಲೆ, ಸೊಂಟದೆತ್ತರದಲ್ಲಿ, ಬೆರಳಗಲದ ಒಂದು ಕಪ್ಪು ಗೆರೆ ಇತ್ತು. ಅದು ಬಾಗಿಲಿನಿಂದ ಹೊರಟು ಒಲೆಕಟ್ಟೆಯವರೆಗೆ, ಅಲ್ಲಿಂದ ಅವ್ವನ ಮಂಚದವರೆಗೆ ಎಲ್ಲೂ ಕಡಿಯದೆ ಹೋಗುತ್ತಿತ್ತು. ಅವ್ವನ ಬಲಗೈ ಬೆರಳು ತಾಗಿ ತಾಗಿ ಸುಣ್ಣ ನುಣುಪಾಗಿ ಮೂಡಿದ ಗೆರೆ ಅದು. ಕಣ್ಣಿನ ನರ ಒಣಗಿದೆ ಎಂದು ವೈದ್ಯರು ಹೇಳಿ ಬಹಳ ವರ್ಷಗಳಾಗಿದ್ದವು. ಬೆಳಕಿದೆಯೋ ಕತ್ತಲಾಗಿದೆಯೋ ಎಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು.

ನಾನು ಓದಿದ್ದು ರಸಾಯನಶಾಸ್ತ್ರ. ವಿಚಿತ್ರ ಅನುಭವಗಳನ್ನು ಹೇಳುವವರ ಮುಂದೆ ನಾನು ವಾದ ಮಾಡಿದವಳಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಇವರು ಯಾವುದೋ ಒಂದು ಮುಖ್ಯ ವಿವರವನ್ನು ಬಿಟ್ಟು ಹೇಳುತ್ತಿದ್ದಾರೆ, ಅದು ಸಿಕ್ಕರೆ ವಿಚಿತ್ರವೆಲ್ಲ ಹೋಗುತ್ತದೆ ಎಂದು ಒಳಗೊಳಗೆ ಅಂದುಕೊಳ್ಳುತ್ತಿದ್ದೆ. ಆದ್ದರಿಂದ ಇದನ್ನು ಬರೆಯುವಾಗ ನನಗೆ ನೆನಪಿರುವ ಯಾವುದನ್ನೂ ಬಿಟ್ಟಿಲ್ಲ. ಬಿಟ್ಟುಹೋದ ವಿವರ ಯಾವುದೆಂದು ನಿಮಗೆ ಹೊಳೆದರೆ ನನಗೆ ಸಂತೋಷವೇ.

ಅಪ್ಪ ಗೋಕಾಕದ ಕಡೆಯವರು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರಾಗಿದ್ದರು. ನಾನಾ ಪೇಟೆಯ ಒಂದು ವಾಡೆಯಲ್ಲಿ ನಮ್ಮ ಮನೆ. ನಡುವೆ ಅಂಗಳ, ಸುತ್ತ ಹತ್ತಾರು ಬಾಡಿಗೆ ಸಂಸಾರಗಳು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅವ್ವ ಮತ್ತು ನಾನು ಇಬ್ಬರೇ ಉಳಿದೆವು. ನನಗೆ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಅಣ್ಣ ಹುಬ್ಬಳ್ಳಿಯಲ್ಲಿದ್ದ. ಅಷ್ಟರಲ್ಲಿ ಮಾಲೀಕರು ವಾಡೆಯನ್ನು ಬಿಲ್ಡರ್‌ಗೆ ಕೊಟ್ಟರು. ದೀಪಾವಳಿಯೊಳಗೆ ಎಲ್ಲರೂ ಖಾಲಿ ಮಾಡಬೇಕಾಯಿತು.

ಸಂಜೆ ಕೆಲಸ ಮುಗಿಸಿ ಬಸ್ಸು ಹತ್ತಿ ಮನೆ ನೋಡುವುದು, ಕತ್ತಲಾದ ಮೇಲೆ ಬಂದು ಅಡುಗೆ ಮಾಡುವುದು, ಹೀಗೇ ಆ ಮಳೆಗಾಲ ಕಳೆಯಿತು. ಕೊನೆಗೆ ಬಿಬವೇವಾಡಿಯಲ್ಲಿ ಎರಡನೆಯ ಮಹಡಿಯ ಒಂದು ಫ್ಲ್ಯಾಟು ಗೊತ್ತಾಯಿತು. ಬಸ್ಸಿನಲ್ಲಿ ನಿಂತು ಎರಡೂ ಮನೆಗಳನ್ನು ನಾನು ಎಷ್ಟು ಸಲ ಪಕ್ಕಪಕ್ಕ ಇಟ್ಟು ನೋಡಿದ್ದೇನೋ ಲೆಕ್ಕವಿಲ್ಲ. ವಾಡೆಯಲ್ಲಿ ಸಂಡಾಸಿಗೆ ಅಂಗಳ ದಾಟಬೇಕು, ನೀರು ಬೆಳಿಗ್ಗೆ ಮಾತ್ರ, ಹಗಲಲ್ಲೂ ದೀಪ ಹಾಕಬೇಕು. ಹೊಸ ಮನೆಯಲ್ಲಿ ಎಲ್ಲವೂ ಒಳಗೇ ಇತ್ತು, ಬೆಳಕೂ ಬೇಕಾದಷ್ಟು. ಆದರೆ ಬೆಳಕು ಅವ್ವನಿಗೆ ಏನು ಉಪಯೋಗ? ವಾಡೆಯಲ್ಲಿ ಅವಳು ಅನ್ನಕ್ಕಿಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಅಂಗಳಕ್ಕೆ ಹೋಗಿ ಜಗಳವನ್ನೂ ಆಡಿ ಬರುತ್ತಿದ್ದಳು. ಹೊಸ ಮನೆಯಲ್ಲಿ ಕುರ್ಚಿಯಿಂದ ಏಳಲೂ ನಾನು ಬೇಕಾದರೆ, ನಾನು ಕೆಲಸಕ್ಕೆ ಹೋಗುವುದು ಹೇಗೆ? ಕೆಲಸಕ್ಕೆ ಹೋಗದಿದ್ದರೆ ಬಾಡಿಗೆ ಎಲ್ಲಿಂದ? ಅಣ್ಣ ಫೋನಿನಲ್ಲಿ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ, ಅವ್ವನ್ನ ಇಲ್ಲಿಗೆ ಕಳಿಸು ಎಂದು. ಅವ್ವ ಬೇಡವೆನ್ನುತ್ತಿರಲಿಲ್ಲ, ಮಾತು ನಿಲ್ಲಿಸಿಬಿಡುತ್ತಿದ್ದಳು.

ಎರಡು ಸಲ ಹೊಸ ಮನೆಗೆ ಬಾ ಎಂದು ಕರೆದೆ. "ನೋಡೂದೇನ್ ಅದ ನನಗ? ನೀ ನೋಡಿದ್ರ ಆತು" ಎಂದಳು. ಆದ್ದರಿಂದ ಅವಳು ಆ ಗುರುವಾರದವರೆಗೆ ಆ ಮನೆಗೆ ಕಾಲಿಟ್ಟಿರಲಿಲ್ಲ. ಮನೆಯ ರಚನೆ ಹೇಗಿದೆ ಎಂದು ನಾನೂ ವಿವರಿಸಿ ಹೇಳಿರಲಿಲ್ಲ, ಹೇಳಿದರೆ ಅವಳ ಧೈರ್ಯ ಕುಗ್ಗುತ್ತದೆಂದು.

ನಮ್ಮಲ್ಲಿ ಮನೆ ಬದಲಿಸುವಾಗ ದೇವರು ಮೊದಲು ಹೋಗಬೇಕು. ನಮ್ಮ ಮನೆದೇವರು ಜೇಜುರಿಯ ಖಂಡೋಬ. ಅವನ ಬೆಳ್ಳಿಯ ತಗಡು, ಭಂಡಾರವೆನ್ನುವ ಅರಿಸಿನ ಪುಡಿಯ ಬಟ್ಟಲು, ಒಂದು ಗಂಟೆ, ಇಷ್ಟೇ ನಮ್ಮ ದೇವರ ಜಗಲಿ. ಗುರುವಾರ ದೇವರನ್ನು ಒಯ್ದು ಹಾಲು ಉಕ್ಕಿಸುವುದು, ಭಾನುವಾರ ನನಗೆ ರಜೆ ಇರುವಾಗ ಸಾಮಾನು ಸಾಗಿಸುವುದು ಎಂದು ನಿರ್ಧಾರವಾಯಿತು. ಭಾನುವಾರದವರೆಗೆ ಹಳೆಯ ಮನೆಯ ಒಂದು ತಂಬಿಗೆಯನ್ನೂ ಕದಲಿಸಬಾರದೆಂದು ನಾನು ನಿಶ್ಚಯಿಸಿದ್ದೆ. ಅವ್ವ ಎಡವುತ್ತಾಳೆ ಎಂಬ ಭಯ.

ಗುರುವಾರ ಅರ್ಧ ದಿನ ರಜೆ ಹಾಕಿ ರಿಕ್ಷಾ ತಂದೆ. ಅವ್ವ ದೇವರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೆಟ್ಟಿಲು ಹತ್ತುವಾಗ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಬಿದ್ದಿತ್ತು. ಬಾಗಿಲ ಬಳಿ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಕುರ್ಚಿಯ ಮೇಲೆ ಅವಳನ್ನು ಕೂರಿಸಿದೆ. ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿ ದೇವರನ್ನಿಟ್ಟು ದೀಪ ಹಚ್ಚಿದೆ. ಅವಳ ಕೈಹಿಡಿದು ಕರೆತಂದು ಭಂಡಾರ ಹಾಕಿಸಿದೆ, ಮತ್ತೆ ಕೈಹಿಡಿದೇ ಕುರ್ಚಿಗೆ ತಂದು ಬಿಟ್ಟೆ. ಆಗ ನೋಡಿದರೆ, ಸ್ಟೋವ್ ತಂದಿದ್ದೆ, ಪಾತ್ರೆ ತಂದಿದ್ದೆ, ಹಾಲನ್ನೇ ಮರೆತು ಬಂದಿದ್ದೆ. ಕಟ್ಟಡದ ಕೆಳಗೇ ಅಂಗಡಿ ಇತ್ತು. ಅಲ್ಲಾಡಬೇಡ ಎಂದು ಹೇಳಿ ಇಳಿದು ಹೋದೆ.

ತಿರುಗಿ ಬಂದಾಗ ಕುರ್ಚಿ ಖಾಲಿ ಇತ್ತು.

ಆ ಮನೆಯಲ್ಲಿ ಬಚ್ಚಲಿನಿಂದ ಅಡುಗೆಮನೆಗೆ ಬರುವ ಒಂದು ಇಕ್ಕಟ್ಟಾದ ಓಣಿ ಇದೆ. ಅದರ ನಡುವೆ, ಹಣೆಯ ಮಟ್ಟಕ್ಕೆ, ಗೋಡೆಯಿಂದ ಒಂದು ಮರದ ಹಲಗೆ ಮುಂದಕ್ಕೆ ಚಾಚಿತ್ತು. ಮೊದಲ ದಿನ ಮನೆ ನೋಡಲು ಹೋದಾಗ ಕಣ್ಣಿದ್ದ ನಾನೇ ಅದಕ್ಕೆ ಹಣೆ ಬಡಿದುಕೊಂಡಿದ್ದೆ. ಈಗ ಬಚ್ಚಲಿನಿಂದ ಆ ಓಣಿಯ ಕಡೆಗೆ ಅವ್ವ ಬರುತ್ತಿದ್ದಳು. ಪಾತ್ರೆ ತೊಳೆದು ಎರಡೂ ಕೈಯಲ್ಲಿ ಹಿಡಿದಿದ್ದಳು. ಬೆರಳು ಗೋಡೆಗೆ ತಾಗಿರಲಿಲ್ಲ. ಬಚ್ಚಲಿನ ಎತ್ತರದ ಹೊಸ್ತಿಲಲ್ಲಿ ಕಾಲೆತ್ತಿ ದಾಟಿದಳು. ಹಲಗೆ ಹತ್ತಿರವಾದಾಗ ನಡಿಗೆ ನಿಲ್ಲಿಸದೆ ತಲೆ ಬಗ್ಗಿಸಿದಳು, ಅದರಡಿಯಲ್ಲಿ ಹಾದು ತಲೆಯೆತ್ತಿದಳು, ಬಲಕ್ಕೆ ತಿರುಗಿ ಅಡುಗೆಮನೆಗೆ ಹೋಗಿ ಪಾತ್ರೆಯನ್ನು ಸ್ಟೋವಿನ ಮೇಲಿಟ್ಟಳು.

"ಅವ್ವಾ, ಅಲ್ಲೆ ಹಲಗಿ ಅದ ಅಂತ ನಿನಗ ಯಾರ್ ಹೇಳಿದ್ರು?"

"ಯಾವ ಹಲಗಿ?"

"ತಲಿ ಬಗ್ಗಿಸಿದೆಲ್ಲ."

"ಬಗ್ಗಿಸಿದ್ನೇನು? ಹಾಲ್ ತಂದಿಯೋ ಇಲ್ಲೋ, ಮದ್ಲ ಅದನ್ನ ಹೇಳ."

ನಾನಿಲ್ಲದಾಗ ಒಮ್ಮೆ ತಡಕಾಡಿ, ಹಣೆ ಬಡಿದುಕೊಂಡು ಕಲಿತಿರಬೇಕು ಎಂದುಕೊಂಡೆ. ಹಣೆಯ ಮೇಲೆ ಗುರುತಿರಲಿಲ್ಲ. ಆದರೂ ಆ ಹೊತ್ತಿಗೆ ಇದು ಸಾಕೆನಿಸಿತು. ನಿಜ ಹೇಳಬೇಕೆಂದರೆ ನನಗೆ ವಿಚಿತ್ರಕ್ಕಿಂತ ಹೆಚ್ಚಾಗಿ ಸಮಾಧಾನವಾಗಿತ್ತು. ಹಾಲು ಉಕ್ಕಿತು. ಕರೆಂಟ್ ಇನ್ನೂ ಕೊಟ್ಟಿರಲಿಲ್ಲ, ಹಾಸಿಗೆಯೂ ಇರಲಿಲ್ಲ. ದೇವರನ್ನು ಮತ್ತೆ ಡಬ್ಬಿಗೆ ತುಂಬಿ ಹೊತ್ತು ತರುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಅವ್ವನೇ ಅಂದಳು, "ಇರಲಿ ಬಿಡ, ಕಾಯ್ಕೊಂಡಿರ್ತಾನ." ದೀಪಕ್ಕೆ ಎಣ್ಣೆ ತುಂಬಿ, ಬೀಗ ಹಾಕಿಕೊಂಡು ವಾಡೆಗೆ ಬಂದೆವು.

ಇನ್ನೂ ಸಂಜೆಯ ಬೆಳಕಿತ್ತು. ಪಕ್ಕದ ಮನೆಯ ಸುಶೀಲಾ ಕಾಕು ಸುದ್ದಿ ಕೇಳಲು ನಮ್ಮ ಹಿಂದೆಯೇ ಬಂದರು. ಅವರು ಧಾರವಾಡದ ಕಡೆಯವರು, ಅವ್ವನ ಜಗಳಕ್ಕೂ ಮಾತಿಗೂ ಅವರೇ ಜೊತೆ. ಅವ್ವ ಒಳಗೆ ಕಾಲಿಟ್ಟವಳು ಬಲಕ್ಕೆ ತಿರುಗಿ ಗೋಡೆಗೆ ಹಾಯ್ದಳು.

ಕಾಕು ನಕ್ಕರು. "ಏನ್ರಿ ವೈನಿ, ಫ್ಲ್ಯಾಟಿನ ಗಾಳಿ ತಾಗಿದ್ದ ತಡ, ನಮ್ಮ ವಾಡೆ ಮರತ ಬಿಟ್ರೇನ?"

ಅವ್ವ ನಗಲಿಲ್ಲ. ಎರಡೂ ಅಂಗೈಯಿಂದ ಗೋಡೆಯನ್ನು ಸವರುತ್ತ, "ಸಾಮಾನ ಯಾಕ ಸರಿಸೀದಿ?" ಎಂದು ನನ್ನನ್ನು ಕೇಳಿದಳು.

"ಏನೂ ಸರಿಸಿಲ್ಲವ್ವ."

"ಮತ್ತ ಅಡಿಗಿಮನಿ ಬಾಗಲಾ ಎಲ್ಲೆ ಹೋತು?"

ಹಳೆಯ ಮನೆಯಲ್ಲಿ ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಒಲೆಕಟ್ಟೆ ನೇರ ಎದುರಿಗಿತ್ತು. ಬಲಕ್ಕೆ ಬಾಗಿಲಿದ್ದದ್ದು ನಾವು ಬೀಗ ಹಾಕಿ ಬಂದ ಮನೆಯಲ್ಲಿ. ಅವ್ವ ಗೋಡೆ ಬಿಟ್ಟು ಕೋಣೆಯ ನಡುವೆ ನಡೆದಳು. ಅಲ್ಲಿ ಏನೂ ಇರಲಿಲ್ಲ, ಮೇಲೆ ಎತ್ತರದ ತೊಲೆಗಳು ಮಾತ್ರ. ಆ ಖಾಲಿ ಜಾಗದಲ್ಲಿ ಅವಳು ತಲೆ ಬಗ್ಗಿಸಿದಳು, ಎರಡು ಹೆಜ್ಜೆ ಹಾಗೇ ಹಾದು, ತಲೆಯೆತ್ತಿದಳು. ಆಮೇಲೆ ತನ್ನ ಮಂಚಕ್ಕೇ ಮೊಣಕಾಲು ಬಡಿದುಕೊಂಡು ಅಲ್ಲೇ ಕುಸಿದು ಕೂತಳು.

ಕಾಕುವಿಗೆ ಹಲಗೆಯ ವಿಷಯ ಗೊತ್ತಿರಲಿಲ್ಲ. ಆದರೂ ಅವರ ನಗು ನಿಂತಿತ್ತು. ಮೆಲ್ಲಗೆ ಕೇಳಿದರು, "ದೇವರನ್ನ ಅಲ್ಲೇ ಬಿಟ್ಟ ಬಂದ್ರೇನ?" ಹೌದೆಂದೆ. "ಹಂಗ್ ಮಾಡಬಾರದವಾ. ದೇವ್ರು ಹೋದ ರಾತ್ರಿ ಮನಿ ಮಂದಿ ಒಬ್ಬರರೆ ಅಲ್ಲೆ ಮಲಗಬೇಕು. ಈಗ ನಿಮ್ಮ ಮನಿ ಅಲ್ಲೇ ಅದ. ಇವು ಬರೇ ಗ್ವಾಡಿ."

ಕಾಕು ಹೋದ ಮೇಲೆ ಅವ್ವ ಕೈ ಚಾಚಿ ನನ್ನ ಸೆರಗು ಹುಡುಕಿ ಹಿಡಿದುಕೊಂಡಳು. ಕಣ್ಣು ಹೋದಾಗಲೂ ಅಳದಿದ್ದವಳು, "ನನ್ನ ಹುಬ್ಬಳ್ಳಿಗೆ ಕಳಸಬ್ಯಾಡವಾ" ಎಂದಳು. ಅಷ್ಟು ದಿನ ಆ ಮಾತನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ.

ಇದಾಗಿ ಆರೇಳು ವರ್ಷಗಳಾದವು. ಅವ್ವನಿಗೆ ಮರೆವಿನ ರೋಗವೇನೂ ಇಲ್ಲ, ಇವತ್ತಿಗೂ ಅವಳ ನೆನಪು ನನ್ನದಕ್ಕಿಂತ ಚುರುಕು. ಆಮೇಲೆ ಒಬ್ಬ ವೈದ್ಯರನ್ನು ಕೇಳಿದೆ. ದಣಿವು, ಜಾಗ ಬಿಡುವ ಆತಂಕ, ಹೊಸ ಜಾಗ ಮನಸ್ಸಿನಲ್ಲಿ ಹಳೆಯದರ ಮೇಲೆ ಕೂತುಬಿಟ್ಟಿರಬಹುದು ಎಂದರು. ಹಳೆಯ ಮನೆಯಲ್ಲಿ ದಾರಿ ತಪ್ಪಿದ್ದಕ್ಕೆ ಈ ಉತ್ತರ ಹೊಂದಬಹುದು. ಆದರೆ ಹೊಸ ಮನೆಯಲ್ಲಿ, ನಾನು ಹಾಲು ತರುವಷ್ಟರಲ್ಲಿ, ಆ ಹಲಗೆಯನ್ನು ಅವಳು ಅರಿತದ್ದು ಹೇಗೆ? ಕಾಕು ಹೇಳಿದ ಕಾರಣವನ್ನು ನಾನು ಒಪ್ಪಿಲ್ಲ, ಅದರ ಜಾಗದಲ್ಲಿ ಇಡಲು ಬೇರೆ ಕಾರಣವೂ ನನಗೆ ಸಿಕ್ಕಿಲ್ಲ. ಅವ್ವನನ್ನು ಕೇಳಿದರೆ ತಲೆ ಬಗ್ಗಿಸಿದ್ದೇ ನೆನಪಿಲ್ಲ ಎನ್ನುತ್ತಾಳೆ.

ಆ ಗುರುವಾರದ ಮರುದಿನ ಬೆಳಿಗ್ಗೆ ಅವ್ವನನ್ನು ಕೈಹಿಡಿದು ಅಂಗಳ ದಾಟಿಸಿದೆ. ವಾಡೆಯಲ್ಲಿ ಹಾಗೆ ಕೈಹಿಡಿದು ನಡೆಸಿದ್ದು ಅದೇ ಮೊದಲು. ಅವಳನ್ನು ಕಾಕುವಿನ ಬಳಿ ಕೂರಿಸಿ ಮೂಲೆಯ ಟೆಲಿಫೋನ್ ಬೂತಿಗೆ ಹೋದೆ. ಟೆಂಪೊದವನಿಗೆ, ಭಾನುವಾರ ಬೇಡ, ಇವತ್ತೇ ಬಾ ಎಂದೆ. "ಆಜಚ್ ಕಾ, ತಾಯಿ?" ಎಂದು ಅವನು ಮರಾಠಿಯಲ್ಲಿ ಗೊಣಗಿದ, ಇವತ್ತೇ ಏಕೆ ಎಂದು. ಇವತ್ತೇ ಎಂದೆ. ಪ್ರಯೋಗಾಲಯಕ್ಕೆ ಫೋನ್ ಮಾಡಿ ರಜೆ ಕೇಳಿದೆ. ಕೊನೆಗೆ ಹುಬ್ಬಳ್ಳಿಗೆ ಫೋನ್ ಹಚ್ಚಿ, ಅವ್ವ ನನ್ನ ಕೂಡವೇ ಇರುತ್ತಾಳೆ ಎಂದು ಅಣ್ಣನಿಗೆ ಹೇಳಿದೆ. ಅವನು, "ಹೊಸಾ ಮನ್ಯಾಗ ಒಬ್ಬಾಕಿನ ಓಡಾಡ್ತಾಳೇನ?" ಎಂದು ಕೇಳಿದ.

"ಓಡಾಡ್ತಾಳ" ಎಂದೆ. ಹೇಗೆ ಗೊತ್ತು ಎಂದು ಅವನು ಕೇಳುವ ಮುಂಚೆ ಫೋನ್ ಇಟ್ಟೆ.