ಅಂಗಾತ ಮಲಗಿ ಹಾಯಿ ಬಿಡಿಸಿದ ಮೇಷ್ಟ್ರು

ಆ ದಿನ ಬೆಳಗ್ಗೆ ಗಾಳಿಯೆಂಬುದು ಹೆಸರಿಗೂ ಇರಲಿಲ್ಲ. ಹಿಂದಿನ ಸಂಜೆಯಿಂದ ಹುಯಿಲೆಬ್ಬಿಸಿದ ಗಾಳಿ ಬೆಳಕು ಹರಿಯುತ್ತಲೇ ದಣಿದು ಮಲಗಿತ್ತು. ದೋಣಿಕಟ್ಟೆಯ ನೀರು ಕೆನೆಗಟ್ಟಿದ ಹಾಲಿನಂತೆ ಅಲುಗದೆ ನಿಂತಿತ್ತು. ಹಾಯಿದೋಣಿಯ ವಿದ್ಯೆಯಲ್ಲಿ ನಮ್ಮ ತರಬೇತಿ ಶಾಲೆಗೆ ಹೆಸರು ತಂದ, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಮೇಷ್ಟ್ರನ್ನು ನೆನೆಯಲು ಕುಳಿತರೆ ನನ್ನ ಕಣ್ಣಿಗೆ ಕಟ್ಟುವುದು ಆ ಬೆಳಗೇ.

ಹಾಯಿ ಹೊಲಿಯುವವರಾಗಿ ಸೇರಿ, ಹಗ್ಗಗಳ ಉಸ್ತುವಾರಿಗೆ ಬಂದು, ಕೊನೆಗೆ ಗುರುಗಳಾದವರು ಅವರು. ಶಿಷ್ಯರ ಹರಿದ ಚಪ್ಪಲಿಗಳನ್ನು ಹಾಯಿಯ ದಾರದಲ್ಲಿ ಹೊಲಿದುಕೊಡುತ್ತಿದ್ದರು. ಕೆಲವರು ಕಲಿತ ವಿದ್ಯೆ ಮರೆತರೂ ಆ ಹೊಲಿಗೆ ಇನ್ನೂ ಬಿಟ್ಟಿಲ್ಲ. ಯಾರಾದರೂ ಸುತ್ತಿಗೆಗೆ ಕೈಹಾಕಿದರೆ ಸಾಕು, 'ತಡಿ' ಎನ್ನುತ್ತಿದ್ದರು. ಹಾಗಾಗಿ ನಮಗವರು ತಡಿ ಮೇಷ್ಟ್ರು.

ನಾನು ಸೇರಿದ ಮೊದಲ ವರ್ಷದ ಮಾತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯಲ್ಲೊಂದು ತಪ್ಪಿನ ಪುಸ್ತಕವಿತ್ತು. ಹೊಸಬನ ಹೆಸರು ಅದರಲ್ಲಿ ಎರಡು ಸಲ ಬಂದರೆ ಅವನು ಮನೆಯ ದಾರಿ ಹಿಡಿಯಬೇಕು. ಹಗ್ಗ ಕಟ್ಟುವುದನ್ನು ಮರೆತು, ಬಲು ಠೀವಿಯಿಂದ ಲಂಗರು ನೀರಿಗೆಸೆದ ಪುಣ್ಯಕ್ಕೆ ನನ್ನ ಹೆಸರು ಆಗಲೇ ಒಮ್ಮೆ ಬಂದಿತ್ತು. ಮೇಷ್ಟ್ರ ಹೆಸರಾದರೋ, ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಅಂದು ಪರೀಕ್ಷಾಧಿಕಾರಿಗಳು ಬಂದಿದ್ದರು. ಕಟ್ಟೆಗೆ ಕಟ್ಟಿದ್ದ ದೋಣಿಯ ಮುಂದಿನ ಹಾಯಿಯನ್ನು ಬಿಚ್ಚಿ, ಮತ್ತೆ ಸುತ್ತಿ ತೋರಿಸಬೇಕಿತ್ತು. ಈ ಹಾಯಿ ಕಿಟಕಿಯ ಪರದೆಯಂತೆ ಸುರುಳಿಯಾಗುವಂಥದ್ದು. ಬುಡದಲ್ಲಿರುವ ಉರುಳೆಯ ಹಗ್ಗ ಎಳೆದರೆ ತಾನೇ ಸುತ್ತಿಕೊಳ್ಳುತ್ತದೆ. ಬಿಚ್ಚಿದ್ದು ಸರಾಗವಾಗಿಯೇ ಆಯಿತು. ಸುತ್ತಲು ಹೋದರೆ ಎರಡು ಸುತ್ತಿಗೇ ನಿಂತಿತು.

"ಉರುಳೆಗೆ ಉಪ್ಪು ಹಿಡಿದಿದೆ, ಎಣ್ಣೆ ತನ್ನಿ!" ಎಂದರು ವ್ಯವಸ್ಥಾಪಕರು.

"ಎಣ್ಣೆ ಬೇಡ ಸಾರ್, ಬಿಸಿನೀರು ಹುಯ್ಯಿ. ನನ್ ಡಬ್ಬಿ ಮುಚ್ಚಳ ಹಂಗೇ ಬರೋದು," ಎಂದಳು ಕ್ಯಾಂಟೀನಿನಕ್ಕ.

ಎಣ್ಣೆಯೂ ಬಂತು, ಬಿಸಿನೀರೂ ಬಂತು. ಚೆಲ್ಲಿದ ಎರಡರ ಮೇಲೂ ಕಾಲಿಟ್ಟು ಜಾರಿ ಕುಸಿದ ವ್ಯವಸ್ಥಾಪಕರು ಕುಳಿತಲ್ಲಿಂದಲೇ ಆಜ್ಞೆ ಹೊರಡಿಸಿದರು: "ನಾಲ್ಕು ಜನ ಸೇರಿ ಜಗ್ರಯ್ಯಾ!"

"ತಡಿ," ಎಂದು ಮೇಷ್ಟ್ರು ಬಂದರು. ಉರುಳೆಯನ್ನು ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು, ದೋಣಿಯ ಮೂತಿಯಲ್ಲಿ ಅಂಗಾತ ಮಲಗಿ, ಎದೆಯ ಮೇಲೆ ಕೈಕಟ್ಟಿಕೊಂಡರು.

"ಅಯ್ಯೋ, ಅಣ್ಣ ಹೋಗ್ಬಿಟ್ರು!" ಎಂದು ಅಕ್ಕ ಉಳಿದಿದ್ದ ನೀರನ್ನು ಅವರ ಮುಖಕ್ಕೆ ಚಿಮುಕಿಸಿದಳು.

"ಎಲ್ಲೂ ಹೋಗಿಲ್ಲ ತಾಯಿ. ಮೇಲೆ ನೋಡ್ತಿದೀನಿ. ನೀವೆಲ್ಲ ಕಾಲು ಹಿಡ್ಕೊಂಡಿದೀರಿ, ನೋವಿರೋದು ಕತ್ತಲ್ಲಿ."

ಎಲ್ಲರೂ ತಲೆಯೆತ್ತಿದೆವು. ದೋಣಿಯ ನಡುಗಂಬವಾದ ಕೂವೆಮರದ ತುದಿಯಿಂದ ಇಳಿದ ಬಿಡಿ ಹಗ್ಗವೊಂದು ಹಾಯಿಯ ನೆತ್ತಿಯ ಸುರುಳಿಯೊಳಗೆ ಸಿಕ್ಕಿಕೊಂಡು ಬಿಗಿದಿತ್ತು. ಇನ್ನಿಷ್ಟು ಜಗ್ಗಿದ್ದರೆ ಹಾಯಿ ಹೊತ್ತ ಸರಳೇ ತಿರುಚಿಹೋಗುತ್ತಿತ್ತು.

ಆ ಹಗ್ಗದ ಜಾಗ ಕೂವೆಮರದ ಬುಡ. ಗಾಳಿಗೆ ಅದು ಮರಕ್ಕೆ ಟಣ್ ಟಣ್ ಎಂದು ಬಡಿಯುತ್ತ ನನ್ನ ಮುಂಜಾವಿನ ಧ್ಯಾನವನ್ನು ಕೆಡಿಸುತ್ತಿತ್ತೆಂದು, ನಾನೇ ಅದನ್ನು ಬಿಚ್ಚಿ ಮೂತಿಯ ಕಂಬಿಗೆ ಕಟ್ಟಿದ್ದೆ. ಕಟ್ಟಿ ಮುಗಿಸುತ್ತಲೇ ಗಾಳಿಯೂ ನಿಂತಾಗ ದೇವರು ಮೆಚ್ಚಿದನೆಂದು ಬೀಗಿದ್ದೆ.

ಮೇಷ್ಟ್ರು ಕಂಬಿಯ ಗಂಟನ್ನು ನೋಡಿದರು. ಅದು ನನ್ನದೆಂದು ಅವರಿಗೆ ಗೊತ್ತಾಗದಿರುತ್ತದೆಯೇ? ಕಲಿಸಿದವರೇ ಅವರು. ಸುರುಳಿಯನ್ನು ಹಿಂದಕ್ಕೆ ಬಿಚ್ಚಿಸಿ, ಹಗ್ಗ ಬಿಡಿಸಿ ಅದರ ಜಾಗಕ್ಕೆ ಕಟ್ಟಿದರು. ಹಾಯಿ ಒಂದೇ ಕೈಯೆಳೆತಕ್ಕೆ ಸುತ್ತಿಕೊಂಡಿತು.

"ಇಲ್ಲಿ ಕಟ್ಟಿದ್ದು ಯಾರು?" ಎಂದರು ಅಧಿಕಾರಿಗಳು.

ನಾನು ಬಗ್ಗಿ, ಚೆಲ್ಲಿದ್ದ ಎಣ್ಣೆಯನ್ನು ಒರೆಸತೊಡಗಿದೆ.

"ನಾನೇ. ವಯಸ್ಸಾಯ್ತು ನೋಡಿ," ಎಂದರು ಮೇಷ್ಟ್ರು. ಆಗವರಿಗೆ ಮೂವತ್ತೊಂಬತ್ತು.

ತಪ್ಪಿನ ಪುಸ್ತಕದಲ್ಲಿ ಅವರ ಹೆಸರು ಬಿತ್ತು. ನಾನು ಕಾಯಂ ಆದೆ. ಅಂದಿನಿಂದ ಪ್ರತಿ ವಾರ್ಷಿಕ ಸಭೆಯಲ್ಲೂ ವ್ಯವಸ್ಥಾಪಕರು "ನಮ್ಮ ಮೇಷ್ಟ್ರೂ ಒಮ್ಮೆ ಹಗ್ಗ ತಪ್ಪಿದವರೇ" ಎಂದು ನಗಿಸುವರು; ಸಭೆಯೊಂದಿಗೆ ಮೇಷ್ಟ್ರೂ ನಗುವರು; ನಾನು ಜೋರಾಗಿ ಚಪ್ಪಾಳೆ ತಟ್ಟುವೆನು. ಅವರು ಒಂದು ದಿನವೂ ಆ ಮಾತೆತ್ತಲಿಲ್ಲ. ನನ್ನ ಧ್ಯಾನದಲ್ಲಿ ಮಾತ್ರ ಆ ಟಣ್ ಟಣ್ ನಿಲ್ಲಲಿಲ್ಲ.

ಭಗವಂತನು ಅವರಿಗೆ ನೂರು ತುಂಬುವಷ್ಟು ಆಯುಷ್ಯವನ್ನೂ, ಅಂಗಾತ ಮಲಗಿದರೆ ತಾವಾಗಿಯೇ ಏಳುವಷ್ಟು ಕಸುವನ್ನೂ ಕರುಣಿಸಲಿ. ಬರೆಯದೆ ಉಳಿಸಿಕೊಂಡಿರುವ ಗಂಟುಗಳ ಪಾಠವನ್ನು ಅವರು ಬಿಡುವಿನಲ್ಲಿ ಬರೆದುಕೊಡಲಿ.

ಈ ಲೇಖನ ಬರೆಯಲು ಒಪ್ಪಿಕೊಂಡ ಮಧ್ಯಾಹ್ನ ಕಚೇರಿಯ ಕಪಾಟಿನಿಂದ ಆ ತಪ್ಪಿನ ಪುಸ್ತಕ ತೆಗೆಸಿದೆ. ಅವರ ಹೆಸರನ್ನು ಹೊಡೆದು, ನನ್ನ ಹೆಸರು ಬರೆದು, ಸಹಿ ಹಾಕಿ, ವ್ಯವಸ್ಥಾಪಕರ ಮೊಹರನ್ನೂ ಒತ್ತಿಸಿಕೊಂಡು ಹಾಯಿಮನೆಗೆ ಹೋದೆ. ಮೇಷ್ಟ್ರು ಸೂಜಿಗೆ ದಾರ ಪೋಣಿಸುತ್ತಿದ್ದರು. ಆ ಪುಟವನ್ನೇ ತೆರೆದು ಪುಸ್ತಕವನ್ನು ಅವರ ಕೈಗಿತ್ತೆ.