ಮೂರು ನೀರು ಕಂಡ ಕಂಬಳಿ

ಚಿತ್ರದುರ್ಗದಲ್ಲಿ ಬೆಳಿಗ್ಗೆ ಏಳರ ಕೆಂಪು ಬಸ್ಸು ಹತ್ತಿದೆ. ಹಿಂದಿನ ದಿನವೇ ಮೈಸೂರಿನಿಂದ ಬಂದು ನೆಂಟರ ಮನೆಯಲ್ಲಿ ಉಳಿದಿದ್ದೆ. ಚಳ್ಳಕೆರೆಗೆ ಟಿಕೆಟ್ಟು ಒಂಬತ್ತು ರೂಪಾಯಿ, ದಾರಿ ಮೂವತ್ತು ಕಿಲೋಮೀಟರಿನ ಆಚೀಚೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಇನ್ನೂ ಮಾಘ ಮಾಸ. ಆದರೂ ಒಂಬತ್ತಕ್ಕೆಲ್ಲ ಬಿಸಿಲು ಚುರುಗುಟ್ಟುತ್ತಿತ್ತು.

ನನ್ನ ಬಳಿ ಎರಡು ಗಂಟುಗಳಿದ್ದವು. ಒಂದರಲ್ಲಿ ಮಧ್ಯ ಏಷ್ಯಾದ ತುರ್ಕಮೆನ್ ನೇಕಾರರ ಪುಟ್ಟ ರತ್ನಗಂಬಳಿ, ನಮ್ಮ ಮಹಿಳಾ ಸಮಾಜದ ಸದಸ್ಯೆಯೊಬ್ಬರ ಯಜಮಾನರು ಹೊರದೇಶದಿಂದ ತಂದದ್ದು. ಇನ್ನೊಂದರಲ್ಲಿ ಚಳ್ಳಕೆರೆ ಕಡೆಯ ನೇಕಾರನೊಬ್ಬನಿಂದ ಸಮಾಜ ಕೊಂಡ ಕರಿ ಕಂಬಳಿ. ಸಹಜ ಬಣ್ಣದ ಉಣ್ಣೆಯ ಪ್ರದರ್ಶನದಲ್ಲಿ ಎರಡನ್ನೂ ಅಕ್ಕಪಕ್ಕ ಇಡಬೇಕೆಂದಿದ್ದೆವು. ಬಣ್ಣ ಬಿಡುತ್ತದೆಯೇ ಎಂದು ನೋಡಲು ಎರಡರ ಮೂಲೆಯನ್ನೂ ನೀರಿಗೆ ಅದ್ದಿದೆವು. ರತ್ನಗಂಬಳಿಯ ನೀರು ತಿಳಿಯಾಗಿತ್ತು, ಕಂಬಳಿಯದು ಕಂದು ಬಗ್ಗಡವಾಗಿತ್ತು. ದೊಡ್ಡ ಪಂಡಿತಳ ಹಾಗೆ ನಾನೇ ನೇಕಾರನಿಗೆ ಕಾಗದ ಬರೆದೆ: 'ನೀವು ಅಂಗಡಿ ಬಣ್ಣ ಹಾಕಿದ್ದೀರಿ, ಪ್ರದರ್ಶನಕ್ಕೆ ಇಡಲಾಗದು.' ಮರುಟಪಾಲಿನಲ್ಲಿ ಕಾರ್ಡು ಬಂತು: 'ಕಂಬಳಿ ತಗೊಂಡು ನೀವೇ ಬರ್ರಿ.'

ಚಳ್ಳಕೆರೆಯಲ್ಲಿ ಇಳಿದಾಗ ಊರಿಗೆ ಊರೇ ಶೇಂಗಾ ಎಣ್ಣೆಯ ವಾಸನೆ. ಮಂಡಕ್ಕಿ ಮೆಣಸಿನಕಾಯಿ ತಿಂದು ಮೊಳಕಾಲ್ಮುರಿನ ಬಸ್ಸು ಹಿಡಿದೆ. ಕಾವಲಿನ ಒಣಹುಲ್ಲು ದಾಟಿ, ಕಂಡಕ್ಟರು ತೋರಿಸಿದ ಕೈಮರದ ಬಳಿ ಇಳಿದು ಎರಡು ಮೈಲಿ ನಡೆದೆ.

ನೇಕಾರ ಮೈಲಾರಪ್ಪನಿಗೆ ಅರವತ್ತು ದಾಟಿತ್ತು. ಗುಂಡಿಮಗ್ಗದಿಂದ ಎದ್ದು ಬಂದವನು ಮೊದಲು ನೀರು ಕೊಟ್ಟ, ಆಮೇಲೆ ಮಾತು.

"ನಿಮ್ ಕಾಗ್ದ ಕಟ್ಟೆ ಮ್ಯಾಲೆ ಓದಿಸಿದೆ ಅಮ್ಮಾರೆ, ನನಗೆ ಅಕ್ಷರ ಬರಾಕಿಲ್ಲ. ಊರೆಲ್ಲಾ ಕೇಳ್ತು. ನಾಳೆ ಸೋಮವಾರ ಬೀರಪ್ಪನ ಗದ್ದುಗೆ ಐತೆ. ತಾತನ ಕಾಲದಿಂದ ಹಾಸೋ ಕಂಬಳಿ ನಮ್ಮನೇದು. ಬಣ್ಣ ಹಾಕಿದ್ರ ಮ್ಯಾಲೆ ದೇವ್ರು ಕೂರಾಕಿಲ್ಲ ಅಂತ ಪೂಜಾರಪ್ಪ ಈ ಸಲ ಬ್ಯಾರೇರಿಗೆ ಕಂಬಳಿ ತರಾಕೆ ಹೇಳ್ಯಾನೆ."

ನನ್ನ ಎರಡು ಸಾಲಿನ ಜಾಣತನ ಈ ಮನೆತನದ ಹೆಸರಿಗೇ ಮಸಿ ಬಳಿದಿತ್ತು.

ಅವನ ಹೆಂಡತಿ ಕರಿಯಮ್ಮ ಒಲೆಯ ಮೇಲಿದ್ದ ಮಡಕೆ ತಂದು ನನ್ನ ಮುಂದೆ ಇಟ್ಟಳು. ಒಳಗೆ ಕಂದು ಬಣ್ಣದ ಅಂಟು. "ಹುಣಸೆಬೀಜ ಬೀಸಿ ಕಾಸಿದ ಗಂಜಿ ಇದು. ನೂಲಿಗೆ ಬಳೀದಿದ್ರೆ ಮಗ್ಗದಾಗೆ ತುಂಡು ತುಂಡು. ನೀರಿಗೆ ಬಿಟ್ಟಿದ್ದು ಇದೇ. ನಮ್ ಕಡೆ ಹೊಸ ಕಂಬಳೀನ ಮೂರು ನೀರು ಕಾಣಿಸದೆ ಯಾರೂ ಹೊದೆಯಾಕಿಲ್ಲ. ನೀವು ಒಂದು ನೀರಿಗೇ ತೀರ್ಪು ಕೊಟ್ರಿ!"

ಅಷ್ಟರಲ್ಲಿ ಮೈಲಾರಪ್ಪ ರತ್ನಗಂಬಳಿಯನ್ನು ಬಿಚ್ಚಿ, ಮಗುಚಿ, ಬೆನ್ನಿನ ಗಂಟುಗಳ ಮೇಲೆ ಬೆರಳಾಡಿಸುತ್ತಿದ್ದ. "ಇವ್ರೂ ಕುರಿ ಕಾಯೋರಾ?" ಎಂದ. ಹೌದೆಂದೆ. ಕೆಂಪು ಮಂಜಿಷ್ಠದ ಬೇರಿನದೆಂದೂ ಹೇಳಿದೆ.

"ಭೇಷ್, ಕೈ ಐತೆ ಇವ್ರಿಗೆ. ಅವ್ರ ಬಣ್ಣ ಬೇರಿಂದ. ನಮ್ದು ಕುರಿ ಹೊಟ್ಟೆಯಿಂದ್ಲೇ ಬರ್ತೈತೆ." ದೊಡ್ಡಿಯಿಂದ ಒಂದು ಮರಿಯನ್ನು ಎತ್ತಿ ತಂದು ಅದರ ತುಪ್ಪಟವನ್ನು ನನ್ನ ಕೈಯಲ್ಲಿ ಬಿಡಿಸಿ ತೋರಿಸಿದ. ಬುಡದವರೆಗೂ ಕಾಡಿಗೆಯ ಕಪ್ಪು. ಮರಿಯ ಮೊದಲ ಕತ್ತರಿಯ ಉಣ್ಣೆಯೇ ಎಲ್ಲಕ್ಕಿಂತ ಕಪ್ಪಂತೆ, ವಯಸ್ಸಾದಂತೆ ಕಂದಾಗುತ್ತದಂತೆ. ಗದ್ದುಗೆಗೆ ಮರಿಯದೇ ಆಗಬೇಕು; ನನ್ನ ಗಂಟಿನಲ್ಲಿದ್ದದ್ದೂ ಅದೇ.

"ಕಾಗ್ದ ಓದಿದ್ದು ಕಟ್ಟೆ ಮ್ಯಾಲೆ. ಒಗಿಯೋದೂ ಅಲ್ಲೇ ಆಗ್ಲಿ" ಎಂದ.

ಕಟ್ಟೆಯ ಪಕ್ಕದಲ್ಲಿ ದನ ನೀರು ಕುಡಿಯುವ ಕಲ್ಲಿನ ಬಾನಿ. ಊರಿನ ಅರ್ಧ ಜನ ಸೇರಿದರು. ಕಂಬಳಿಯನ್ನು ನಾನೇ ಒಗೆಯುತ್ತೇನೆಂದೆ, ಯಾರೂ ಬೇಡವೆನ್ನಲಿಲ್ಲ. ಮೊದಲ ನೀರು ಬಗ್ಗಡ. ಪೂಜಾರಪ್ಪ ಕೋಲೂರಿ ಬಾನಿಯೊಳಗೆ ಬಗ್ಗಿ ನೋಡಿದ. ಎರಡನೆಯದು ತೆಳು ಟೀ. ನೆನೆದ ಕಂಬಳಿ ಎತ್ತುವುದೆಂದರೆ ಎಮ್ಮೆಕರು ಎತ್ತಿದ ಹಾಗೆ, ಸೊಂಟ ಬಿದ್ದುಹೋಯಿತು. ಮೂರನೆಯ ನೀರಿನಲ್ಲಿ ಬಾನಿಯ ತಳದ ಉಳಿಗುರುತು ಕಾಣಿಸಿತು. ಕಂಬಳಿ ಮಾತ್ರ ಮೊದಲಿಗಿಂತ ಕಪ್ಪಾಗಿತ್ತು.

"ಬಣ್ಣ ಇಲ್ಲ. ತಪ್ಪು ನನ್ನದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಸೋತು ಇಷ್ಟು ಹೆಮ್ಮೆಪಟ್ಟದ್ದು ನನಗೆ ನೆನಪಿಲ್ಲ. ತುರ್ಕಮೆನ್ನರ ಪಕ್ಕದಲ್ಲಿ ನಮ್ಮವರದ್ದೊಂದನ್ನು ಇಡಲು ಹೊರಟು, ನಮ್ಮವರನ್ನೇ ಅನುಮಾನಿಸಿದ್ದೆನಲ್ಲ!

ಪೂಜಾರಪ್ಪ ಬಾನಿಗೆ ಕೈ ಅದ್ದಿ ಆ ನೀರನ್ನು ಕಣ್ಣಿಗೆ ಒತ್ತಿಕೊಂಡ. "ಗದ್ದುಗೆಗೆ ಇದೇ ಇರ್ಲಿ" ಎಂದ.

"ಅದು ಅಮ್ಮಾರದು" ಎಂದ ಮೈಲಾರಪ್ಪ.

"ಆಗಿತ್ತು" ಎಂದೆ. ಸಮಾಜದವರಿಗೆ ಏನು ಹೇಳುವುದೆಂದು ದಾರಿಯಲ್ಲಿ ಯೋಚಿಸಿದರಾಯಿತು.

ರಾತ್ರಿ ಅವರ ಮನೆಯಲ್ಲೇ ಮುದ್ದೆ, ಹುರುಳಿ ಸಾರು ಉಂಡು ಮಲಗಿದೆ. ಮರುದಿನ ಹತ್ತಕ್ಕೆ ನನ್ನ ಬಸ್ಸು. ರತ್ನಗಂಬಳಿಯ ಗಂಟು ಹೆಗಲಿಗೇರಿಸಿ ಗುಡಿಯ ಮುಂದೆ ಹಾಯುವಾಗ ಡೊಳ್ಳು ನಿಂತಿತ್ತು. ಕಂಬಳಿ ಹಾಸುವ ಮುನ್ನ ಅದನ್ನು ನೇಯ್ದವರ ಹೆಸರನ್ನು ದೇವರಿಗೆ ಕೂಗಿ ಹೇಳುವುದು ಅಲ್ಲಿಯ ಪದ್ಧತಿ.

"ಯಾರ ಮಗ್ಗ?" ಪೂಜಾರಪ್ಪ ಕೇಳಿದ.

ಮೈಲಾರಪ್ಪ ತಾತನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ. ತನ್ನ ಹೆಸರಿಗೆ ಬಂದಾಗ ಅವನು ಬಾಯಿ ತೆರೆಯುವ ಮೊದಲೇ ಊರೇ ಅದನ್ನು ಕೂಗಿತು. ಆ ಗದ್ದಲದಲ್ಲೇ ಹೆಂಗಸರ ಸಾಲಿನಿಂದ ಕರಿಯಮ್ಮನ ದನಿ ಕೇಳಿಸಿತು:

"ನೂಲು ನಂದು! ಅದನ್ನೂ ಹೇಳ್ರಿ!"

ನಾನು ತಿರುಗಿ ನಿಂತೆ. ಪೂಜಾರಪ್ಪ ಗುಡಿಯ ಕಡೆ ಮುಖ ಮಾಡಿ, ಗಂಟಲೆತ್ತಿ ಕೂಗಿದ: "ನೂಲು ಕರಿಯಮ್ಮಂದು!"